ಗಾಜಿನ ಮೇಲೆ ಬರೆದ ರಕ್ಷೆ

ನಾನು ಮೂವತ್ತೊಂದು ವರ್ಷ ಕಾರಿನ ಎಡಗಡೆ ಸೀಟಿನಲ್ಲಿ ಕೂತು ಹೊಟ್ಟೆ ಹೊರೆದವನು. ಬ್ಯಾಂಕಾಕಿನಿಂದ ಬಹಳ ಉತ್ತರಕ್ಕಿರುವ ಫ್ರೇ ಪಟ್ಟಣದಲ್ಲಿ ಡ್ರೈವಿಂಗ್ ಸ್ಕೂಲ್ ನಡೆಸುತ್ತಿದ್ದೆ. ಸ್ಟೀರಿಂಗು, ಗೇರು, ಹಾರನ್ನು ಎಲ್ಲ ಕಲಿಯಲು ಬಂದವರ ಕೈಯಲ್ಲಿ. ನನ್ನ ಪಾಲಿಗೆ ಕಾಲಡಿಯ ಒಂದು ಹೆಚ್ಚುವರಿ ಬ್ರೇಕು ಮಾತ್ರ. ಊರಿನ ಅರ್ಧ ಜನಕ್ಕೆ ಕಾರು ಓಡಿಸಲು ಕಲಿಸಿದವನು ನಾನೇ. ಉಳಿದರ್ಧ ಜನ ಹೇಗೆ ಓಡಿಸುತ್ತಾರೆ ಎಂಬುದನ್ನು ನನ್ನ ಹತ್ತಿರ ಕೇಳಬೇಡಿ, ಬಿಪಿ ಏರುತ್ತದೆ.

ಅಷ್ಟು ವರ್ಷ ನಾನು ನೋಡಿದ್ದು ಎರಡೇ: ಎದುರಿನ ರಸ್ತೆ, ಮತ್ತು ಯಾರಾದರೂ ಎಮ್ಮೆಗೆ ಗುದ್ದುವಂತಾದಾಗ ಕಣ್ಣು ಮೇಲೆ ಮಾಡಿದರೆ ಕಾಣುವ ಬೂದು ಬಣ್ಣದ ಚಾವಣಿ. ಅರವತ್ತೊಂದಕ್ಕೆ ಸ್ಕೂಲು ಮುಚ್ಚಿದ ದಿನವೇ ತೀರ್ಮಾನಿಸಿದೆ. ಇನ್ನು ಬಲಗಡೆ ಕೂರುತ್ತೇನೆ, ನಾನೇ ಓಡಿಸುತ್ತೇನೆ, ತಲೆಯೆತ್ತಿದರೆ ಆಕಾಶ ಕಾಣಬೇಕು. ಪಕ್ಕದಲ್ಲಿ ಸೇಂಗ್‌ದಾ ಕೂತಿರಬೇಕು. ಸೇಂಗ್‌ದಾ ನನ್ನ ಹೆಂಡತಿ. ನೀಲಿ ಬಣ್ಣ ಅದ್ದಿ ಅಂಗಿ ಹೊಲಿದು ಮಾರುವುದು ಅವಳ ಕಸುಬು. ಮೂವತ್ತನಾಲ್ಕು ವರ್ಷ ಸಂಸಾರ ಮಾಡಿದ್ದೇವೆ, ಆದರೆ ನಾನು ಓಡಿಸುತ್ತ ಅವಳು ಸುಮ್ಮನೆ ಪಕ್ಕದಲ್ಲಿ ಕೂತು ಹೋದ ದಿನಗಳನ್ನು ಬೆರಳಲ್ಲಿ ಎಣಿಸಬಹುದು. ನನ್ನ ಕಾರಿನಲ್ಲಿ ಯಾವಾಗಲೂ ಬೇರೆ ಯಾರೋ ಕ್ಲಚ್ಚು ತುಳಿಯುತ್ತಿದ್ದರು.

ಹುಡುಕಿ ಹುಡುಕಿ ಕಾರು ಸಿಕ್ಕಿದ್ದು ಲಾಂಪಾಂಗಿನಲ್ಲಿ. ಜಪಾನಿನ ಸ್ಪೋರ್ಟ್ಸ್ ಕಾರು, ವಯಸ್ಸು ಮೂವತ್ತು, ಬಣ್ಣ ಕೆಂಪು. ಇಂಜಿನ್ನು ಸೀಟಿನ ಹಿಂದೆ. ತಲೆಯ ಮೇಲೆ ಎರಡು ದಪ್ಪ ಗಾಜು, ಬಲಕ್ಕೊಂದು ಎಡಕ್ಕೊಂದು, ನಡುವೆ ಕಿರಿದಾದ ಒಂದು ಕಬ್ಬಿಣದ ಪಟ್ಟಿ. ಹಿಡಿಕೆ ತಿರುಗಿಸಿದರೆ ಗಾಜು ಎತ್ತಿ ತೆಗೆಯಬಹುದು. ಸೀಟಿನ ಹಿಂದೆ ಅದಕ್ಕೆಂದೇ ಚೀಲವಿದೆ. ಮಾರುತ್ತಿದ್ದವರು ರುಂಗ್‌ರವೀ ಎಂಬ ಹಲ್ಲಿನ ಡಾಕ್ಟರು, ಏಳು ತಿಂಗಳ ಬಸುರಿ.

ಹಳೆಯ ಗಾಜಿನ ಚಾವಣಿಯ ಕಾರು ಕೊಳ್ಳುವಾಗ ಇಂಜಿನ್ ಆಮೇಲೆ, ಮೊದಲು ನೀರು. ರಬ್ಬರು ಒಣಗಿ ಬಿರಿದಿದ್ದರೆ ಮಳೆಗಾಲದಲ್ಲಿ ತೊಡೆಯ ಮೇಲೆ ಸ್ನಾನ. ನಾನು ಮನೆಯಿಂದಲೇ ಒಂದು ಬಕೆಟ್ಟು ಒಯ್ದಿದ್ದೆ.

"ದೊಡ್ಡಪ್ಪ, ನೀವು ಮೇಲಿಂದ ಸುರೀರಿ, ನಾನು ಒಳಗೆ ಕೂತು ಹೇಳ್ತೀನಿ" ಎಂದು ಡಾಕ್ಟರು ನಾನು ಬೇಡವೆನ್ನುವಷ್ಟರಲ್ಲಿ ಸೀಟಿಗೆ ಇಳಿದೇ ಬಿಟ್ಟರು.

ಸುರಿದೆ. ಒಂದು ಬಕೆಟ್ಟು, ಎರಡು ಬಕೆಟ್ಟು.

"ಒಂದು ಹನಿ!" ಎಂದರು ಒಳಗಿಂದ. ಸ್ವಲ್ಪ ಹೊತ್ತಿಗೆ, "ಇನ್ನೊಂದು! ಅಷ್ಟೇ. ಎರಡೇ ಹನಿ ದೊಡ್ಡಪ್ಪ, ಎರಡೂ ನನ್ನ ಹೊಟ್ಟೆ ಮೇಲೇ ಬಿತ್ತು."

ಆಮೇಲೆ ಅವರಿಗೆ ಹೊರಗೆ ಬರಲು ಆಗಲಿಲ್ಲ. ಆ ಸೀಟು ನೆಲಕ್ಕೆ ಅಂಟಿಕೊಂಡಂತಿದೆ. ಅವರ ಗಂಡ ಕ್ಲಿನಿಕ್ಕಿನಿಂದ ಓಡಿ ಬಂದ. ನಾವಿಬ್ಬರೂ ಒಂದೊಂದು ಕೈ ಹಿಡಿದು ಎಳೆದೆವು.

"ನೋಡಿದ್ರಲ್ಲ, ಯಾಕೆ ಮಾರ್ತಿದೀನಿ ಅಂತ ಇನ್ನು ಕೇಳ್ಬೇಡಿ" ಎಂದು ನಗುತ್ತ ಸೊಂಟ ಹಿಡಿದುಕೊಂಡರು. ಹನಿಯೊಂದಕ್ಕೆ ಐದು ಸಾವಿರ ಬಾತಿನಂತೆ ಹತ್ತು ಸಾವಿರ ಬಿಟ್ಟುಕೊಟ್ಟರು. ನನಗೆ ಒಳ್ಳೆಯ ವ್ಯಾಪಾರ ಅನ್ನಿಸಿತು. ಹೊರಡುವಾಗ ಕಾರಿನ ಬಾನೆಟ್ಟು ಸವರಿ, "ಚೆನ್ನಾಗಿ ನೋಡ್ಕೊಳಿ ದೊಡ್ಡಪ್ಪ, ಇದು ನನ್ನ ಮೊದಲನೇ ಮಗು" ಎಂದಾಗ ಮಾತ್ರ ಅವರ ಕಣ್ಣು ಒದ್ದೆಯಾಗಿತ್ತು.

ಮನೆಗೆ ಬಂದಾಗ ಸೇಂಗ್‌ದಾ ಹಿತ್ತಿಲ ಬಣ್ಣದ ಚಾವಡಿಯಲ್ಲಿದ್ದಳು. ಮೊಣಕೈವರೆಗೂ ನೀಲಿಯಾದ ಎರಡು ಕೈಗಳನ್ನು ಮುಂದೆ ಚಾಚಿಕೊಂಡೇ ಗೇಟಿನ ಹತ್ತಿರ ಬಂದಳು.

"ಏನ್ರೀ ಇದು?"

"ಕಾರು."

"ಅದು ಕಾಣುತ್ತೆ. ಇನ್ನರ್ಧ ಯಾವಾಗ ಬರುತ್ತೆ?"

"ಇಷ್ಟೇ ಕಣೇ. ಎರಡು ಸೀಟು. ನಿನಗೊಂದು, ನನಗೊಂದು."

ಅವಳು ಒಂದು ಸುತ್ತು ಬಂದಳು. "ಸೋಮವಾರ ಹುಟ್ಟಿದ ಮನುಷ್ಯ ಕೆಂಪು ಕಾರು ತಂದಿದೀರಲ್ಲ ಮೇಷ್ಟ್ರೇ, ತಲೆ ನೆಟ್ಟಗಿದೆಯಾ?" ಸೋಮವಾರದವರಿಗೆ ಕೆಂಪು ಆಗಿಬರುವುದಿಲ್ಲ ಎಂಬುದು ನನಗೆ ಗೊತ್ತಿರಲಿಲ್ಲವೇ? ದಾರಿಯಲ್ಲೇ ಅದರ ವ್ಯವಸ್ಥೆ ಮಾಡಿದ್ದೆ. ಹಿಂದೆ ಕರೆದುಕೊಂಡು ಹೋಗಿ ಸ್ಟಿಕರ್ ತೋರಿಸಿದೆ. ಅದರಲ್ಲಿ ದಪ್ಪ ಅಕ್ಷರದಲ್ಲಿ "ಈ ಕಾರು ಹಸಿರು ಬಣ್ಣದ್ದು" ಎಂದಿತ್ತು. ಅವಳು ನಿಧಾನವಾಗಿ ಓದಿ, "ಹಾಂ, ಹಾಗಾದ್ರೆ ಸರಿ" ಎಂದಳು. ನಮ್ಮಲ್ಲಿ ಅಷ್ಟು ಸಾಕು. ಕೆಟ್ಟ ಗ್ರಹ ಓದು ಬರಹ ಬಲ್ಲದ್ದು.

ಆಮೇಲೆ ಅವಳು ಬಗ್ಗಿ ಒಳಗೆ ನೋಡಿದಳು, ಕತ್ತು ತಿರುಗಿಸಿ ಮೇಲೆ ನೋಡಿದಳು. ಅವಳ ಮುಖದ ನಗು ಹೋಯಿತು.

"ಮೇಲೆ ಏನೂ ಇಲ್ವಲ್ರೀ."

"ಗಾಜಿದೆ."

"ರಕ್ಷೆ ಎಲ್ಲಿ ಬರೀತಾರೆ?"

ಈ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ. ಹೊಸ ಗಾಡಿಯಾಗಲಿ ಹಳೇ ಗಾಡಿಯಾಗಲಿ, ಮನೆಗೆ ಬಂದ ಮೇಲೆ ಭಿಕ್ಷುಗಳು ಸುಗಂಧದ ಬಿಳಿ ಹಿಟ್ಟು ಕಲಸಿ, ಓಡಿಸುವವನ ತಲೆಯ ಮೇಲೆ, ಚಾವಣಿಯ ಒಳಮೈಗೆ ಬೆರಳಿನಿಂದ ರಕ್ಷೆ ಬರೆಯಬೇಕು. ಬರೆದ ಮೇಲೆಯೇ ಅದು ಗಾಡಿ. ಮಿಕ್ಕವರಿಗೆ ಇದು ವಾಡಿಕೆ, ಸೇಂಗ್‌ದಾಳಿಗೆ ಹಾಗಲ್ಲ. ಹದಿನಾಲ್ಕು ವರ್ಷದ ಹಿಂದೆ ಅವಳು ಉತ್ತರಾದಿತ್‌ಗೆ ಹೋಗುತ್ತಿದ್ದ ವ್ಯಾನು ಘಾಟಿಯಲ್ಲಿ ಎರಡು ಪಲ್ಟಿ ಹೊಡೆಯಿತು. ಹನ್ನೊಂದು ಜನಕ್ಕೆ ಕೈಕಾಲು ಮುರಿದವು, ಆದರೆ ಯಾರೂ ಸಾಯಲಿಲ್ಲ. ತಲೆಕೆಳಗಾಗಿ ಬಿದ್ದಿದ್ದಾಗ ಕಣ್ಣಿನ ಮುಂದೆ ಗೇಣು ದೂರದಲ್ಲಿ ಕಂಡದ್ದು ಆ ಬಿಳಿ ರಕ್ಷೆಯಂತೆ. ಅವಳ ಹುಬ್ಬಿನ ಮೇಲೆ ಈಗಲೂ ಗಾಯದ ಗೆರೆಯಿದೆ. ಅಂದಿನಿಂದ ಬಸ್ಸು ಹತ್ತಿದರೂ ಮೊದಲು ಚಾವಣಿ ನೋಡುತ್ತಾಳೆ, ಆಮೇಲೆ ಟಿಕೆಟು.

ಮುಂದಿನ ಭಾನುವಾರ ಪಯಾವ್ ಹತ್ತಿರ ಅವಳ ತಂಗಿಯ ಊರಿನ ವಿಹಾರದಲ್ಲಿ ಕಠಿನ ವಸ್ತ್ರದಾನವಿತ್ತು, ಮಳೆಗಾಲದ ವ್ರತ ಮುಗಿಸಿದ ಭಿಕ್ಷುಗಳಿಗೆ ಹೊಸ ವಸ್ತ್ರ ಕೊಡುವ ಹಬ್ಬ. ಪ್ರತಿವರ್ಷ ಅವಳು ಬಸ್ಸಿನಲ್ಲಿ ಹೋಗುತ್ತಾಳೆ. ಈ ಸಲ ನನ್ನ ಜೊತೆ ಬಾ ಎಂದು ಕೇಳಿದೆ.

"ಬರ್ತೀನಿ. ತಲೆ ಮೇಲೆ ರಕ್ಷೆ ಇದ್ರೆ ಬರ್ತೀನಿ, ಇಲ್ದಿದ್ರೆ ಎಂಟೂಕಾಲಿನ ಬಸ್ಸಿಗೆ ಹೋಗ್ತೀನಿ."

ಶುಕ್ರವಾರ ನಮ್ಮೂರ ವಿಹಾರಕ್ಕೆ ಹೋದೆವು. ಅಲ್ಲಿನ ಹಿರಿಯ ಭಿಕ್ಷುಗಳಿಗೆ ಎಪ್ಪತ್ತೆಂಟು. ಎಲ್ಲರೂ ಲುವಾಂಗ್ ಪೋ ಎಂದು ಕರೆಯುತ್ತೇವೆ, ಪೂಜ್ಯ ತಂದೆ ಎಂದಂತೆ. ಟ್ರ್ಯಾಕ್ಟರು, ಆಂಬುಲೆನ್ಸು, ಐಸ್‌ಕ್ರೀಮ್ ಗಾಡಿ, ಎಲ್ಲಕ್ಕೂ ರಕ್ಷೆ ಬರೆದ ಕೈ ಅವರದು. ಬಾಗಿಲ ಹತ್ತಿರ ಬಗ್ಗಿ, ಬೆರಳಿಗೆ ಹಿಟ್ಟು ಅದ್ದಿಕೊಂಡು, ಮೇಲೆ ನೋಡಿ ಹಾಗೇ ನಿಂತರು.

"ಅಲ್ಲಪ್ಪ ಥವಿನ್, ಇಲ್ಲಿ ತೆಂಗಿನಮರ ಕಾಣ್ತಿದೆ."

"ಗಾಜು, ಲುವಾಂಗ್ ಪೋ. ಬೇಕೆಂದಾಗ ತೆಗೀಬಹುದು."

"ತೆಗೆದು ಎಲ್ಲಿಡ್ತೀಯ?"

"ಸೀಟಿನ ಹಿಂದೆ."

"ಹಾಗಾದ್ರೆ ರಕ್ಷೇನೂ ಸೀಟಿನ ಹಿಂದೆ ಹೋಗಿ ಮಲಗುತ್ತೆ. ಚೀಲಕ್ಕೆ ಏನೂ ಅಪಾಯ ಆಗಲ್ಲ, ನಿನ್ನ ವಿಚಾರ ನಂಗೊತ್ತಿಲ್ಲ." ಅವರಿಗೆ ನಗು ಬಂದು ಕೆಮ್ಮು ಹತ್ತಿತು. "ನಡುವೆ ಪಟ್ಟಿ ಇದೆಯಲ್ಲ, ಅದರ ಮೇಲೆ ಬರೀಲಾ?"

ದೂರದಲ್ಲಿ ಕೈಮುಗಿದು ನಿಂತಿದ್ದ ಸೇಂಗ್‌ದಾ ಬಾಯಿ ಹಾಕಿದಳು. "ಅದು ಅಗಲ ಸಾಲದು ಲುವಾಂಗ್ ಪೋ. ಇವರ ತಲೆ ದೊಡ್ಡದು. ಗಾಜಿನ ಮೇಲೇ ಬರೀರಿ, ಎರಡರ ಮೇಲೂ. ಇವರು ಅದನ್ನ ತೆಗೆಯೋ ಹಾಗಿಲ್ಲ."

"ಕೇಳಿಸ್ತೇನಪ್ಪ? ತೆಗೆಯೋ ಹಾಗಿಲ್ಲ" ಎಂದರು ಲುವಾಂಗ್ ಪೋ.

ಗಾಜು ತೆಗೆಯದಿದ್ದರೆ ಆ ಕಾರಿನ ಅರ್ಧ ಸುಖ ಹೋಯಿತು. ಹೋಗಲಿ ಎಂದುಕೊಂಡೆ, ಪಕ್ಕದ ಸೀಟು ತುಂಬುವುದು ಮುಖ್ಯ. ಅವರು ಸುರುಳಿ ಬರೆದರು, ಸುರುಳಿಯಿಂದ ಮೇಲಕ್ಕೆ ಬಳುಕಿ ಹೋಗುವ ಬಾಲ ಬರೆದರು, ತುದಿಗೆ ಮೂರು ಚುಕ್ಕೆ ಇಟ್ಟರು. ನೀಲಿ ಆಕಾಶದ ಮೇಲೆ ಬಿಳಿ ಬರಹ. ನನ್ನ ಜೀವಮಾನದಲ್ಲಿ ಅಷ್ಟು ಚಂದದ ರಕ್ಷೆ ನೋಡಿರಲಿಲ್ಲ. ಅಂದೇ ಸಂಜೆ ಲುವಾಂಗ್ ಪೋ ಕಣ್ಣಿನ ಆಪರೇಷನ್ನಿಗೆಂದು ಬ್ಯಾಂಕಾಕಿಗೆ ಹೋದರು. ಅವರನ್ನು ಬಿಟ್ಟರೆ ಊರಲ್ಲಿ ರಕ್ಷೆ ಬರೆಯುವವರಿಲ್ಲ.

ಇನ್ನು ನಾನು ಮಾಡಿದ ಘನಕಾರ್ಯ ಹೇಳಬೇಕು.

ಮೂವತ್ತೊಂದು ವರ್ಷ ಬೆಳಗ್ಗೆ ಎದ್ದ ತಕ್ಷಣ ನಾನು ಮಾಡುತ್ತಿದ್ದ ಮೊದಲ ಕೆಲಸ ಒಂದೇ, ಕಾರಿನ ಗಾಜುಗಳನ್ನೆಲ್ಲ ಒದ್ದೆ ಪತ್ರಿಕೆಯಿಂದ ಒಳಗೂ ಹೊರಗೂ ಒರೆಸುವುದು. ಕಲಿಯುವವರು ಗುದ್ದಿದ ಮೇಲೆ ಗಾಜು ಮಬ್ಬಾಗಿತ್ತು ಎನ್ನಬಾರದಲ್ಲ! ಶನಿವಾರ ಬೆಳಗ್ಗೆಯೂ ಎದ್ದೆ, ಅರೆನಿದ್ದೆಯಲ್ಲೇ ಪತ್ರಿಕೆ ನೆನೆಸಿದೆ. ಮುಂದಿನ ಗಾಜು ಒರೆಸಿದೆ, ಪಕ್ಕದ್ದು ಒರೆಸಿದೆ, ಒಳಗೆ ಕೂತು ಕೈ ಮೇಲೆತ್ತಿ ತಲೆಯ ಮೇಲಿನ ಎರಡನ್ನೂ ಚೊಕ್ಕವಾಗಿ ಒರೆಸಿದೆ. ಹಳೇ ಕಾರಿನ ಚಾವಣಿಗೆ ಬಟ್ಟೆ ಹೊದಿಸಿತ್ತು, ಅದನ್ನು ಯಾರು ಒರೆಸುತ್ತಾರೆ? ಇದು ಗಾಜು, ಕೈ ತಾನಾಗಿ ಹೋಯಿತು. ತಲೆಯೆತ್ತಿ ನೋಡಿದರೆ ಬೆಳಗಿನ ಆಕಾಶ ಎಷ್ಟು ನಿರ್ಮಲವಾಗಿದೆ ಅನ್ನಿಸಿತು. ಎರಡು ಉಸಿರು ಹಾಗೇ ಖುಷಿಯಾಗಿದ್ದೆ. ಮೂರನೆಯ ಉಸಿರಿಗೆ ಕೈಯಲ್ಲಿದ್ದ ಪತ್ರಿಕೆ ನೋಡಿದೆ, ಅದರ ತುಂಬ ರಕ್ಷೆಯ ಬಿಳಿ ಹಿಟ್ಟು.

ನಿಜ ಹೇಳಿದರೆ ಮುಗಿಯಿತು, ಅವಳು ಎಂಟೂಕಾಲಿನ ಬಸ್ಸಿಗೆ ಹೋಗುತ್ತಾಳೆ. ಒಳಗೆ ಗೂಟಕ್ಕೆ ಅವಳು ಪ್ರಯಾಣಕ್ಕೆಂದು ಹೊಲಿದ ಹೊಸ ನೀಲಿ ಅಂಗಿ ತೂಗಿತ್ತು. ತಂಗಿಗೆ ಫೋನು ಮಾಡಿ "ನಮ್ಮ ಮೇಷ್ಟ್ರು ಕರ್ಕೊಂಡು ಬರ್ತಾರೆ, ಬಸ್ ಸ್ಟ್ಯಾಂಡಿಗೆ ಬರ್ಬೇಡ" ಎಂದು ಹೇಳಿದ್ದನ್ನು ನಾನೇ ಕೇಳಿಸಿಕೊಂಡಿದ್ದೆ. ಅವಳು ಬರದಿದ್ದರೆ ಆ ಕಾರು ನನಗೆ ಬೇಕಾಗಿಯೇ ಇರಲಿಲ್ಲ. ನಾಚಿಕೆ ಬಿಟ್ಟು ಹೇಳುತ್ತೇನೆ, ಬಚ್ಚಲಿನಿಂದ ಮಕ್ಕಳ ಪೌಡರಿನ ಡಬ್ಬಿ ತಂದು ನೀರಿನಲ್ಲಿ ಕಲಸಿದೆ.

ಕೈಮುಗಿದು ಕ್ಷಮೆ ಕೇಳಿ ಮೊದಲನೆಯದು ಬರೆದೆ. ಬಸವನಹುಳುವಿನಂತೆ ಕಂಡಿತು. ಒರೆಸಿ, ಮತ್ತೆ ಕೈಮುಗಿದು ಇನ್ನೊಂದು ಬರೆದೆ. ಅದರ ಬಾಲ ಎಡಕ್ಕೆ ವಾಲಿತು. ಕುತ್ತಿಗೆ ಸೆಟೆದುಕೊಂಡಿತು, ಮೂಗಿನ ಮೇಲೆ ಪೌಡರು ತೊಟ್ಟಿಕ್ಕಿತು. ಮೂರನೆಯದು ಪರವಾಗಿಲ್ಲ ಅನ್ನಿಸಿದ ಮೇಲೆ ಅವಳ ಕಡೆಯ ಗಾಜಿಗೂ ಅದನ್ನೇ ಬರೆದು, ಡಬ್ಬಿ ಬಚ್ಚಿಟ್ಟು, ಏನೂ ಆಗದವನಂತೆ ಹೋಗಿ ಕಾಫಿ ಕುಡಿದೆ.

ಭಾನುವಾರ ಸೇಂಗ್‌ದಾ ಹೊಸ ಅಂಗಿ ತೊಟ್ಟು ಬಂದಳು. ವಸ್ತ್ರದ ಗಂಟು ಹಿಂದಿನ ಡಿಕ್ಕಿಗೆ ಹೋಯಿತು, ಅಂಟಕ್ಕಿ ಅನ್ನದ ಬುಟ್ಟಿಯೂ ಅಲ್ಲಿಗೇ. ಇಂಜಿನ್ನಿನ ಬಿಸಿಗೆ ಪಯಾವ್‌ವರೆಗೂ ಅನ್ನ ಆರುವುದಿಲ್ಲ ಎಂದು ಅವಳಿಗೆ ಹೆಮ್ಮೆಯಿಂದ ಹೇಳಿದೆ. ಅವಳು ಸೀಟಿಗೆ ಇಳಿದು, ತಲೆಯೆತ್ತಿ ಗಾಜನ್ನು ಬಹಳ ಹೊತ್ತು ನೋಡಿದಳು. ನಾನು ಕೀಲಿಕೈ ಹಿಡಿದು ಕಾದೆ. ಅವಳು ಬೆಲ್ಟು ಎಳೆದು ಹಾಕಿಕೊಂಡಳು.

ಹೊರಟೆವು. ನಲವತ್ತರ ಮೇಲೆ ಮುಳ್ಳು ಏರಗೊಡಲಿಲ್ಲ. ಪ್ರತಿ ತಿರುವಿನಲ್ಲಿ ಹಾರನ್ನು, ಪ್ರತಿ ನಾಯಿಗೆ ಬ್ರೇಕು. ತಲೆಯ ಮೇಲೆ ಸುಳ್ಳು, ಪಕ್ಕದಲ್ಲಿ ಹೆಂಡತಿ. ಇವತ್ತು ಏನಾದರೂ ಆದರೆ ಎಂದು ನೆನೆದಾಗಲೆಲ್ಲ ಕಾಲು ತಾನಾಗಿ ಬ್ರೇಕಿಗೆ ಹೋಗುತ್ತಿತ್ತು. ಕಬ್ಬಿನ ಲಾರಿ ನಮ್ಮನ್ನು ದಾಟಿ ಹೋಯಿತು. ಬೈಕಿನ ಹಿಂದೆ ಕೋಳಿ ಪಂಜರ ಕಟ್ಟಿಕೊಂಡ ಮುದುಕಿಯೂ ದಾಟಿ ಹೋದಳು, ಹೋಗುವಾಗ ಕಾರನ್ನೂ ನನ್ನನ್ನೂ ಒಮ್ಮೆ ಕನಿಕರದಿಂದ ನೋಡಿದಳು. ರೋಂಗ್‌ಕ್ವಾಂಗ್ ಹತ್ತಿರ ಪಯಾವ್ ಬಸ್ಸು ದಾಟಿತು. ಅದರ ಕಂಡಕ್ಟರ್ ಸೇಂಗ್‌ದಾಳ ಗುರುತು ಹಿಡಿದು, ಬಾಗಿಲಲ್ಲಿ ನಿಂತು "ಅಕ್ಕಾ, ಹತ್ಕೊಳಿ, ಬೇಗ ತಲುಪಿಸ್ತೀನಿ!" ಎಂದು ಕೂಗಿದ.

ಮಳೆಗಾಲ ಮುಗಿದ ಮೇಲಿನ ಬಿಸಿಲು. ಹತ್ತು ಗಂಟೆಗೆ ಗಾಜಿನ ಕೆಳಗೆ ನಾವಿಬ್ಬರೂ ಹಬೆಯಲ್ಲಿಟ್ಟ ಕಡುಬಿನ ಹಾಗೆ ಬೆಂದೆವು. ಪೌಡರು ಒಣಗಿ ಪುಡಿಪುಡಿಯಾಗಿ ಉದುರತೊಡಗಿತು. ಲುವಾಂಗ್ ಪೋ ಅವರ ಹಿಟ್ಟು ಹೀಗೆ ಉದುರುವುದಿಲ್ಲ. ಅವಳ ನೀಲಿ ಭುಜದ ಮೇಲೆ ಬಿಳಿ ಚೂರುಗಳು ಬಿದ್ದವು. ಅವಳು ಒಂದನ್ನು ಬೆರಳಲ್ಲಿ ಒತ್ತಿ ತೆಗೆದು ಮೂಸಿದಳು. ಮಕ್ಕಳ ಪೌಡರಿನ ವಾಸನೆ ನನ್ನ ಮೂಗಿಗೂ ಬಂತು.

ಇನ್ನು ನನ್ನಿಂದ ಆಗಲಿಲ್ಲ. ಕಾರನ್ನು ರಸ್ತೆ ಬದಿಗೆ ತಂದು, ಇಂಜಿನ್ ಆರಿಸಿ, ಸ್ಟೀರಿಂಗನ್ನು ನೋಡುತ್ತ ಹೇಳಿದೆ.

"ಸೇಂಗ್‌ದಾ, ಅದು ಲುವಾಂಗ್ ಪೋ ಬರೆದಿದ್ದಲ್ಲ. ಅವರದ್ದು ನಾನು ಒರೆಸಿಬಿಟ್ಟೆ. ಇದು ನಾನು ಬರೆದಿದ್ದು. ಪೌಡರು."

"ಗೊತ್ತು."

"ಗೊತ್ತಾ?"

"ನಿನ್ನೆ ಬಣ್ಣದ ಚಾವಡೀಲೇ ಇದ್ನಲ್ರೀ, ನೀಲಿ ಕಲಕೋಕೆ ಐದು ಗಂಟೆಗೇ ಎದ್ದಿದ್ದೆ. ಎಲ್ಲಾ ನೋಡ್ದೆ. ಮೊದಲನೇದಂತೂ ಏನ್ರೀ ಅದು, ಹುಳಾನಾ?"

ಮುಖ ಎಲ್ಲಿಡುವುದೋ ತಿಳಿಯಲಿಲ್ಲ. ಅವಳು ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಳ್ಳುತ್ತಿದ್ದಳು.

"ಮತ್ತೆ ಗೊತ್ತಿದ್ದೂ ಯಾಕೆ ಹತ್ತಿದೆ? ಬಸ್ಸಿಗೆ ಹೋಗ್ಬಹುದಿತ್ತಲ್ಲ."

ಅವಳು ಹುಬ್ಬಿನ ಗೆರೆಯನ್ನು ಬೆರಳಿಂದ ಸವರಿದಳು.

"ಆ ವ್ಯಾನಿನವನಿಗೆ ರಕ್ಷೆ ಇತ್ತು, ಹೆದರಿಕೆ ಇರ್ಲಿಲ್ಲ. ಘಾಟೀಲಿ ಒಂದು ಕೈಯಲ್ಲಿ ಫೋನು ಹಿಡ್ಕೊಂಡು ಓಡಿಸ್ತಿದ್ದ. ನೀವು ನಿನ್ನೆ ಒಂದೊಂದ್ಸಲ ಬರೆಯೋಕೆ ಮುಂಚೇನೂ ಕೈ ಮುಗಿದ್ರಿ. ಮೂಗಿನ ಮೇಲೆ ಪೌಡರು ತೊಟ್ಟಿಕ್ಕಿದ್ರೂ ಬಿಡದೆ ಒರೆಸಿ ಒರೆಸಿ ಬರೆದ್ರಿ, ಚಾವಡಿಯಿಂದಲೇ ಕಾಣ್ತಿತ್ತು. ನನಗೋಸ್ಕರ ಇಷ್ಟು ಹೆದರೋ ಮನುಷ್ಯ ಓಡಿಸೋ ಕಾರಲ್ಲಿ ಕೂತ್ಕೊಂಡ್ರೆ ಏನೂ ಆಗಲ್ಲ ಅನ್ನಿಸ್ತು. ಅಷ್ಟೇ."

ಮೂವತ್ತನಾಲ್ಕು ವರ್ಷದಲ್ಲಿ ಅವಳು ನನ್ನ ಬಗ್ಗೆ ಹೇಳಿದ ಅತಿ ದೊಡ್ಡ ಮಾತು ಅದು. ಹೇಳಿದ ಮೇಲೆ ಅವಳಿಗೇ ನಾಚಿಕೆಯಾಯಿತೇನೋ, ದನಿ ಏರಿಸಿದಳು.

"ಈಗ ಸುಮ್ನೆ ಏನು ನೋಡ್ತಿದೀರಿ? ಬರೀ ಪೌಡರು ಅಂದ್ಮೇಲೆ ಇದರ ಕೆಳಗೆ ನಾನು ಯಾಕ್ರೀ ಬೇಯ್ಬೇಕು? ತೆಗೀರಿ ಅದನ್ನ!"

"ತೆಗೀಲಾ? ನಿಜವಾಗ್ಲೂ?"

"ತೆಗೀರಿ ಅಂದ್ನಲ್ಲ."

ನಾನು ಇಳಿದು ಹಿಡಿಕೆ ತಿರುಗಿಸಿ ನನ್ನ ಕಡೆಯದನ್ನು ತೆಗೆದೆ, ಆ ಬದಿಗೆ ಹೋಗಿ ಅವಳ ಕಡೆಯದನ್ನೂ ತೆಗೆದೆ. ಎರಡನ್ನೂ ಸೀಟಿನ ಹಿಂದಿನ ಚೀಲಕ್ಕೆ ಇಳಿಸಿದೆ. ತೇಗದ ಮರಗಳ ಕಡೆಯಿಂದ ಗಾಳಿ ಬಂತು. ಸೇಂಗ್‌ದಾ ತಲೆಯೆತ್ತಿದಳು. ಅವಳ ಮೇಲೆ ಈಗ ರಕ್ಷೆಯೂ ಇಲ್ಲ, ಗಾಜೂ ಇಲ್ಲ. ಹೆದರುತ್ತಾಳೇನೋ ಎಂದು ನಾನು ಅವಳ ಮುಖವನ್ನೇ ನೋಡುತ್ತಿದ್ದೆ. ಅವಳು ಕಣ್ಣು ಕಿರಿದು ಮಾಡಿ ಒಂದಷ್ಟು ಹೊತ್ತು ಮೇಲೆ ನೋಡಿ, ಕೂದಲಿಗೆ ಕರವಸ್ತ್ರ ಬಿಗಿಯಾಗಿ ಕಟ್ಟಿಕೊಂಡಳು.

"ಹೊರಡಿ. ಆ ಕಂಡಕ್ಟರ್ ಹಲ್ಲು ಕಿರಿದಿದ್ದು ನಂಗೆ ಸರಿ ಬರ್ಲಿಲ್ಲ. ಅರವತ್ತಕ್ಕೆ ಹೋದ್ರೂ ಪರವಾಗಿಲ್ಲ."

ನಾನು ಬಲಗಡೆ ಸೀಟಿಗೆ ಇಳಿದು ಇಂಜಿನ್ ಚಾಲೂ ಮಾಡಿದೆ. ಬೆನ್ನ ಹಿಂದೆ ಅದು ಗುಡುಗಿತು. ಅರವತ್ತು ದಾಟಿದ್ದು ನನಗೆ ಗೊತ್ತೇ ಆಗಲಿಲ್ಲ, ಅವಳಿಗೆ ಗೊತ್ತಾಯಿತು.

"ಅರವತ್ತು ಅಂದೆ, ಮೇಷ್ಟ್ರೇ" ಎಂದಳು, ಗಾಳಿಗೆ ಮುಖ ಒಡ್ಡಿಕೊಂಡೇ.